ಹನ್ನೆರಡು ಬೈಟೋ, ಹದಿನಾರು ಬೈಟೋ?

ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಆ್ಯಪ್‌ಗಳು ಓಡುವುದು ಅದರ ಹೊರಗೆ, ಯೂಸರ್‌ಸ್ಪೇಸ್‌ನಲ್ಲಿ. ಈಗ ಗಂಟೆ ಎಷ್ಟು, ಈ ಫೈಲ್ ಎಷ್ಟು ದೊಡ್ಡದು ಎಂದು ಆ್ಯಪ್ ಕೇಳಿದರೆ ಕರ್ನಲ್ ಉತ್ತರವನ್ನು ಬೈಟ್‌ಗಳ ಸಾಲಾಗಿ ಅದರ ಮೆಮೊರಿಗೆ ಸುರಿಯುತ್ತದೆ. ಎಷ್ಟನೆಯ ಬೈಟಿನಲ್ಲಿ ಏನಿದೆ ಎಂಬ ವಿವರ ಜೊತೆಗೆ ಹೋಗುವುದಿಲ್ಲ. ಅದು ಸಿ ಭಾಷೆಯ ‘ಸ್ಟ್ರಕ್ಟ್’ನಲ್ಲಿರುತ್ತದೆ, ಕಂಪೈಲ್ ಮಾಡುವಾಗಲೇ ಎರಡೂ ಕಡೆ ಅಚ್ಚೊತ್ತಿಬಿಡುತ್ತದೆ.

ಅಂದಮೇಲೆ ಇಬ್ಬರೂ ಸ್ಟ್ರಕ್ಟ್‌ಗಳನ್ನು ಬರೆದಿಡುವ ಒಂದೇ ಹೆಡರ್ ಫೈಲ್ ಓದಿದರೆ ಸಾಕಲ್ಲವೇ? ಸಾಲದು. ಮೊದಲು 32 ಬಿಟ್‌ನ ಒಂದು ಸಂಖ್ಯೆ, ಆಮೇಲೆ 64 ಬಿಟ್‌ನದು ಇರುವ ಸ್ಟ್ರಕ್ಟ್ ತೆಗೆದುಕೊಳ್ಳಿ. 32 ಬಿಟ್‌ನ ಇಂಟೆಲ್ ಲಿನಕ್ಸ್‌ನಲ್ಲಿ ಅದು 12 ಬೈಟ್. 64 ಬಿಟ್‌ನಲ್ಲಿ ದೊಡ್ಡ ಸಂಖ್ಯೆ ಎಂಟರ ಗುಣಕದಲ್ಲೇ ಶುರುವಾಗಬೇಕು; ಕಂಪೈಲರ್ ನಡುವೆ ನಾಲ್ಕು ಬೈಟ್ ಖಾಲಿ ಬಿಡುತ್ತದೆ, ಒಟ್ಟು 16. ಹಳೆಯ 32 ಬಿಟ್ ಪ್ರೋಗ್ರಾಂ ನಾಲ್ಕನೆಯ ಬೈಟಿನಿಂದ ಬರೆದದ್ದನ್ನು 64 ಬಿಟ್ ಕರ್ನಲ್ ಎಂಟನೆಯದರಿಂದ ಓದಿದರೆ ಸಿಗುವುದು ಅರ್ಧ ಸಂಖ್ಯೆ, ಮುಂದೆ ಏನಿತ್ತೋ ಅದು. ಆ ಖಾಲಿ ಜಾಗವನ್ನು ಕರ್ನಲ್ ಸೊನ್ನೆ ಮಾಡದೆ ಕಳಿಸಿದರಂತೂ ಅಲ್ಲಿ ಉಳಿದಿದ್ದ ಗುಟ್ಟಿನ ಮಾಹಿತಿಯೂ ಹೊರಬೀಳಬಹುದು. ಅದಕ್ಕೇ ಅನುಭವಿಗಳು ಖಾಲಿ ಜಾಗಕ್ಕೂ ಹೆಸರು ಕೊಟ್ಟು ಬರೆಯುತ್ತಾರೆ.

ಬಹುಕಾಲ ಕರ್ನಲ್‌ನ ಒಳಗುಟ್ಟುಗಳೂ ಹೊರಗಿನವರಿಗೆ ಬೇಕಾದ ವಿವರಗಳೂ ಒಂದೇ ಹೆಡರ್‌ಗಳಲ್ಲಿ ಕಲಸಿಕೊಂಡಿದ್ದವು. 2012ರ 3.7ನೇ ಆವೃತ್ತಿಯಲ್ಲಿ, ಕರ್ನಲ್ ಡೆವಲಪರ್ ಡೇವಿಡ್ ಹೊವೆಲ್ಸ್ ಅವರ ದುಡಿಮೆಯಿಂದ, ಹೊರಗಿನವು ‘ಯುಎಪಿಐ’ ಎಂಬ ಫೋಲ್ಡರಿಗೆ ಬೇರೆಯಾದವು. ಆ ಫೋಲ್ಡರಿನಲ್ಲಿ ಒಮ್ಮೆ ಪ್ರಕಟವಾದ ಸ್ಟ್ರಕ್ಟ್‌ನ ಆಕಾರ ಬದಲಿಸಿದರೆ ಹಳೆಯ ಪ್ರೋಗ್ರಾಂಗಳು ಮುರಿಯುತ್ತವೆ. ಅದನ್ನು ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಒಪ್ಪುವುದಿಲ್ಲ. ಈ ಹಟ ಸರಿಯಾದದ್ದೇ.

ಹಟಕ್ಕೆ ತೆರಬೇಕಾದ ಬೆಲೆ ಕಾಲದ ಲೆಕ್ಕದಲ್ಲಿ ಕಾಣುತ್ತದೆ. 32 ಬಿಟ್ ಯಂತ್ರಗಳಲ್ಲಿ 1970ರಿಂದ ಎಣಿಸುವ ಸೆಕೆಂಡುಗಳು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07 ದಾಟುತ್ತಲೇ, ಜಾಗ ಸಾಲದೆ ಉಕ್ಕುತ್ತವೆ. ಹಳೆಯ ಸ್ಟ್ರಕ್ಟನ್ನು ಹಿಗ್ಗಿಸುವಂತಿರಲಿಲ್ಲ. 2019ರ 5.1ನೇ ಆವೃತ್ತಿ 64 ಬಿಟ್ ಕಾಲದ, ಅಂದರೆ ಪ್ರೋಗ್ರಾಂ ಕರ್ನಲ್ಲನ್ನು ಕೇಳುವ ಹೊಸ ಸಿಸ್ಟಂ ಕಾಲ್‌ಗಳನ್ನು ಹಳೆಯವುಗಳ ಪಕ್ಕದಲ್ಲೇ ಇಟ್ಟಿತು. ಹಳೆಯ ವಿವರ ಅಚ್ಚಾಗಿರುವ ಪ್ರೋಗ್ರಾಂಗಳನ್ನು ಮತ್ತೆ ಕಂಪೈಲ್ ಮಾಡದೆ ವಿಧಿಯಿಲ್ಲ.

ಫೈಲ್ ತೆರೆಯುವ ಈಚಿನ ‘ಓಪನ್‌ಆ್ಯಟ್2’ ಥರದ ಕಾಲ್‌ಗಳು ಬೆಳವಣಿಗೆಗೆ ಮೊದಲೇ ಜಾಗ ಬಿಟ್ಟಿವೆ. ಪ್ರೋಗ್ರಾಂ ತನ್ನ ಸ್ಟ್ರಕ್ಟ್ ಎಷ್ಟು ಬೈಟ್ ಎಂದು ಜೊತೆಗೇ ಹೇಳುತ್ತದೆ. ಚಿಕ್ಕದಿದ್ದರೆ ಉಳಿದದ್ದನ್ನು ಕರ್ನಲ್ ಸೊನ್ನೆಯೆಂದು ಓದಿಕೊಳ್ಳುತ್ತದೆ. ದೊಡ್ಡದಿದ್ದು, ತನಗೆ ಗೊತ್ತಿಲ್ಲದ ಬೈಟ್‌ಗಳಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಕಂಡರೆ ಊಹಿಸಲು ಹೋಗದೆ ಎರರ್ ಕೊಟ್ಟು ವಾಪಸ್ ಕಳಿಸುತ್ತದೆ.