ಕೂಸು ಹಾಲು ಕಕ್ಕಿದರೆ ಎದೆಹಾಲು ಬಿಡಿಸಬೇಡಿ

ಹಾಲುಣಿಸುವುದನ್ನು ಪೂರ್ತಿ ಮಾಡಬಯಸುವವರಿಗೆ ಎರಡು ವರ್ಷದ ಅವಧಿ ತಿಳಿಸುವ ಅಲ್ ಬಕರಾ ಅಧ್ಯಾಯದ 233ನೇ ಆಯತನ್ನು ಜುಮಾ ಖುತ್ಬಾಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಕೆಲವು ಮನೆಗಳಲ್ಲಿ ಎರಡು ಮೂರು ತಿಂಗಳಿಗೇ ಎದೆಹಾಲು ಬಿಡಿಸಿ ಡಬ್ಬಿ ಹಾಲು, ಹಸುವಿನ ಹಾಲು ಶುರು ಮಾಡುತ್ತಾರೆ. ಕೇಳಿದರೆ, ಕೂಸು ಕುಡಿದದ್ದನ್ನೆಲ್ಲ ಕಕ್ಕುತ್ತದೆ, ತಾಯಿಯ ಹಾಲು ಒಗ್ಗುತ್ತಿಲ್ಲ ಎನ್ನುತ್ತಾರೆ.

ಹಾಲಿನಲ್ಲಿ ದೋಷವಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿ ಬಾಗಿಲಿನಂತಿರುವ ಸ್ನಾಯು ಎಳೆಗೂಸುಗಳಲ್ಲಿ ಇನ್ನೂ ಬಿಗಿಯಾಗಿರುವುದಿಲ್ಲ. ಹೊಟ್ಟೆ ಚಿಕ್ಕದು, ಆಹಾರವೆಲ್ಲ ನೀರಿನಂತಹದು, ಮಲಗಿರುವುದೇ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಹೆಚ್ಚಾಗಿ, ವರ್ಷ ತುಂಬುವಷ್ಟರಲ್ಲಿ ಬಹುತೇಕ ನಿಲ್ಲುತ್ತದೆ. ಬಟ್ಟೆಯ ಮೇಲೆ ಹರಡಿದಾಗ ಎರಡು ಚಮಚ ಹಾಲೂ ಬಟ್ಟಲು ತುಂಬ ಕಾಣುತ್ತದೆ. ನೋಡಬೇಕಾದದ್ದು ತೂಕ. ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಕೂಸು ಚೆನ್ನಾಗಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಕೂಸು ಹಸಿದು ಚೀರುವ ಮೊದಲೇ ಹಾಲು ಕೊಡಿ. ಮೊಲೆತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಲಿ, ಆಗ ಗಾಳಿ ನುಂಗುವುದು ಕಡಿಮೆ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಬಾಣಂತಿಗೆ ರಾತ್ರಿ ಇದೇ ಕಷ್ಟ, ಅಲ್ಲಿ ಮಗುವಿನ ತಂದೆಯ ಹೆಗಲೂ ಆಗುತ್ತದೆ. ಕುಡಿದ ಕೂಡಲೇ ಸೀರೆಯ ಜೋಲಿಗೆ ಹಾಕಿ ತೂಗಬೇಡಿ, ಹೊಟ್ಟೆಯ ಮೇಲೆ ಲಾಡಿ ಬಿಗಿಯಬೇಡಿ. ಕಕ್ಕುವ ಕೂಸನ್ನು ಬೋರಲು ಮಲಗಿಸಬೇಕೆಂದು ಹಿರಿಯರು ಹೇಳುತ್ತಾರೆ. ಬೇಡ, ನಿದ್ದೆಗೆ ಅಂಗಾತವೇ ಸುರಕ್ಷಿತ, ದಿಂಬೂ ಬೇಡ. ಗ್ರೈಪ್ ವಾಟರ್, ಬಜೆ, ಗಂಜಿ ಯಾವುದೂ ಆರು ತಿಂಗಳವರೆಗೆ ಬೇಕಿಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬೇಡಿ.

ಇನ್ನೊಂದು ಮಾತು ತಾಯಂದಿರು ಬಾಯಿಬಿಟ್ಟು ಕೇಳುವುದಿಲ್ಲ. ಬಟ್ಟೆ ನಾಪಾಕ್ ಆಯಿತೆಂದು ನಮಾಜ್ ಬಿಡುವವರಿದ್ದಾರೆ. ಹನಫಿ ಮಸ್ಲಕ್‌ನಲ್ಲಿ ಬಾಯಿ ತುಂಬ ಬಾರದ ಅಲ್ಪ ಕಕ್ಕು ನಾಪಾಕ್ ಅಲ್ಲ. ಹೆಚ್ಚು ಬಂದರೆ ಆ ಜಾಗ ತೊಳೆದರಾಯಿತು. ಸಂದೇಹವಿದ್ದರೆ ಮನೆಯವರ ಮೂಲಕ ಇಮಾಮರನ್ನು ಕೇಳಿಸಿ.

ಇಷ್ಟೆಲ್ಲ ಸಮಾಧಾನ ಬಿಳಿ ಹಾಲಿಗೆ ಮಾತ್ರ. ವಾಂತಿ ಹಸಿರಾಗಿದ್ದರೆ ಕರುಳು ತಿರುಚಿಕೊಂಡಿರಬಹುದು, ಒಂದೊಂದು ಗಂಟೆಯೂ ಮುಖ್ಯ. ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ಕೂಸು ಮಂಕಾಗಿ ಹಾಲು ಕುಡಿಯದಿದ್ದರೆ, ಉಸಿರು ತಡೆದು ನೀಲಿಯಾದರೆ ಕೂಡ ಕಾಯಬಾರದು. ಮೂರರಿಂದ ಆರು ವಾರದ ಕೂಸು ಪ್ರತಿ ಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿವೆಂದು ಅತ್ತರೆ, ಜಠರದ ಕೆಳಬಾಯಿ ಕಟ್ಟಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುತ್ತದೆ. ನಜರ್ ತೆಗೆಸುತ್ತ ಬೆಳಗಾಗಲೆಂದು ಕೂರಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಬಳ್ಳಾರಿಗೋ ದಾವಣಗೆರೆಗೋ ಬರೆದುಕೊಟ್ಟರೆ ಅಂದೇ ಹೊರಡಿ. ವಾಂತಿಯಾದ ಬಟ್ಟೆಯನ್ನು ತೊಳೆಯದೆ ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದರ ಬಣ್ಣವನ್ನೇ.