ಗೋಡೆಯ ಮೇಲಿನ ಪಾಠ

ಅಕ್ಕಂದಿರೇ, ಚಿತ್ರವನ್ನೂ ಓದಬಹುದು. ಹೇಗೆ? ನೋಡೋಣ ಬನ್ನಿ.

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಚಾಪೆಲ್ ಇದೆ. ಚಾಪೆಲ್ ಅಂದರೆ ಕ್ರೈಸ್ತರ ಪ್ರಾರ್ಥನೆಯ ಮನೆ. ಅದರ ಗೋಡೆ, ಚಾವಣಿ ತುಂಬಾ ಚಿತ್ರಗಳು. ಇಟಲಿಯಿಂದ ಬಂದ ಮೊಸ್ಕೇನಿ ಎಂಬುವರು 1899ರಲ್ಲಿ ಶುರು ಮಾಡಿ ಅವನ್ನು ಬರೆದರು.

ಅಲೋಶಿಯಸ್ ಸಿರಿವಂತರ ಮಗ. ಆಸ್ತಿ ಬಿಟ್ಟು ಸನ್ಯಾಸಿಯಾದರು. ರೋಮ್ ಪಟ್ಟಣದಲ್ಲಿ ಪ್ಲೇಗು ಬಂತು. ರೋಗಿಗಳ ಆರೈಕೆ ಮಾಡಿದರು. ಅದೇ ರೋಗ ಅವರಿಗೂ ಅಂಟಿತು. 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡರು. ಆ ಆರೈಕೆಯ ಚಿತ್ರವೂ ಅಲ್ಲಿದೆ.

ದೇವರ ಮನೆಯಲ್ಲಿ ರೋಗಿಗಳ ಚಿತ್ರ ಯಾಕೆ? ನೊಂದವರ ಸೇವೆಯೂ ಪೂಜೆಯೇ ಎಂದು ತಿಳಿಸಲಿಕ್ಕೆ.

ನಮ್ಮ ಎಮ್ಮೆದೊಡ್ಡಿಯಲ್ಲೂ ರಾತ್ರಿಯೆಲ್ಲಾ ಎದ್ದು ಕೂತು ಕಾಯಿಲೆಯವರಿಗೆ ಗಂಜಿ ಕುಡಿಸಿದ ಹೆಂಗಸರು ಎಷ್ಟೋ ಜನ. ಅದನ್ನು ಯಾರೂ ಗೋಡೆ ಮೇಲೆ ಬರೆದಿಲ್ಲ. ಈಗ ನಮಗೆ ಅಕ್ಷರ ಬಂದಿದೆ. ನಾವೇ ಬರೆಯೋಣ.