ಆಟವನ್ನು ನಿಲ್ಲಿಸಿದ ಭೂಕಂಪ

ನಮ್ಮಲ್ಲಿ ಕ್ರಿಕೆಟ್ ಹೇಗೋ ಹಾಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟವು ಜನರ ಮನಸ್ಸನ್ನು ಸೂರೆಗೊಂಡಿದೆ. ವರ್ಷಕ್ಕೊಮ್ಮೆ ಅಲ್ಲಿಯ ಎರಡು ಶ್ರೇಷ್ಠ ತಂಡಗಳು ‘ವಿಶ್ವ ಸರಣಿ’ ಎಂಬ ಪಂದ್ಯಮಾಲೆಯಲ್ಲಿ ಎದುರಾಗುತ್ತವೆ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕನ್ನು ಗೆದ್ದ ತಂಡವೇ ವಿಜಯಿ. 1989ರಲ್ಲಿ ಈ ಗೌರವಕ್ಕಾಗಿ ಸೆಣಸಿದ ತಂಡಗಳೆರಡೂ ಕ್ಯಾಲಿಫೋರ್ನಿಯದ ಒಂದೇ ಕೊಲ್ಲಿಯ ಎರಡು ದಡಗಳಿಗೆ ಸೇರಿದವು: ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೋ ನಗರದ ‘ಜಯಂಟ್ಸ್’ ಮತ್ತು ಪೂರ್ವದ ಓಕ್‌ಲೆಂಡ್ ನಗರದ ‘ಅಥ್ಲೆಟಿಕ್ಸ್’. ನಗರಗಳೆರಡನ್ನೂ ಕೂಡಿಸುವ ಸೇತುವೆಯ ಹೆಸರಿನಿಂದ ಇದಕ್ಕೆ ‘ಬೇ ಬ್ರಿಜ್ ಸರಣಿ’ ಎಂಬ ಹೆಸರು ಬಂದಿತು.

ಮೊದಲ ಎರಡು ಪಂದ್ಯಗಳನ್ನು ಓಕ್‌ಲೆಂಡ್ ಗೆದ್ದಿತ್ತು. ಮೂರನೆಯ ಪಂದ್ಯವು ಅಕ್ಟೋಬರ್ 17ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕ್ರೀಡಾಂಗಣದಲ್ಲಿ ನಡೆಯಬೇಕಾಗಿತ್ತು. 60 ಸಾವಿರಕ್ಕೂ ಮಿಕ್ಕಿ ಪ್ರೇಕ್ಷಕರು ಸೇರಿದ್ದರು. ಆಟ ಆರಂಭವಾಗಲು ಇನ್ನೂ ಸುಮಾರು ಅರ್ಧ ಗಂಟೆಯಿತ್ತು. 5 ಗಂಟೆ 4 ನಿಮಿಷಕ್ಕೆ ನೆಲ ನಡುಗಿತು. ದಕ್ಷಿಣದ ಲೋಮ ಪ್ರಿಯೆಟ ಶಿಖರದ ಬಳಿ, ನೆಲದಿಂದ ಸುಮಾರು 18 ಕಿಲೋಮೀಟರು ಆಳದಲ್ಲಿ ಶಿಲಾಸ್ತರಗಳು ಬಿರಿದು ಸರಿದಿದ್ದವು. ಭೂಕಂಪದ ಪ್ರಮಾಣ 6.9.

ಕ್ರೀಡಾಂಗಣವು ತೂಗಿತು; ಆದರೆ ಬೀಳಲಿಲ್ಲ. ಅದೇ ವೇಳೆಗೆ ಓಕ್‌ಲೆಂಡಿನಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಮೇಲುರಸ್ತೆಯ ಮೇಲಂತಸ್ತು ಕೆಳಗಿನದರ ಮೇಲೆ ಕುಸಿದು 42 ಜನರು ಮಡಿದರು. ಬೇ ಬ್ರಿಜ್ಜಿನ ಮೇಲಂತಸ್ತಿನ ಒಂದು ತುಂಡೂ ಕಳಚಿ ಬಿದ್ದಿತು. ಭೂಕಂಪದಲ್ಲಿ ಸತ್ತವರು ಒಟ್ಟು 63 ಮಂದಿ. ಆಟವನ್ನು ನೋಡಲೆಂದು ಬಹುಜನರು ಬೇಗನೆ ಮನೆ ಸೇರಿದ್ದರಿಂದ ರಸ್ತೆಗಳಲ್ಲಿ ವಾಹನಗಳು ಕಡಿಮೆಯಿದ್ದುವು, ಇಲ್ಲವಾದರೆ ಸಾವು ಇನ್ನೂ ಹೆಚ್ಚುತ್ತಿತ್ತು ಎಂದು ಹೇಳುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕ್ರೀಡಾಂಗಣವೂ ಸೈಪ್ರೆಸ್ ರಸ್ತೆಯೂ ಭೂಕಂಪದ ಕೇಂದ್ರದಿಂದ ಸರಿಸುಮಾರು ಒಂದೇ ದೂರದಲ್ಲಿ, ಅಂದರೆ ಸುಮಾರು 90 ಕಿಲೋಮೀಟರುಗಳಷ್ಟು ಆಚೆ, ಇದ್ದುವು. ಒಂದು ನಿಂತು ಇನ್ನೊಂದು ಬಿದ್ದುದೇಕೆ?

ಉತ್ತರಕ್ಕಾಗಿ ನಾವು ಅವುಗಳ ಬುಡದ ನೆಲವನ್ನು ನೋಡಬೇಕು. ಕ್ರೀಡಾಂಗಣವು ಗಟ್ಟಿ ಶಿಲೆಯ ಮೇಲೆ ನಿಂತಿತ್ತು. ಸೈಪ್ರೆಸ್ ರಸ್ತೆಯ ಕುಸಿದ ಭಾಗವು ಕೊಲ್ಲಿಯ ಮೆತ್ತನೆಯ ಕೆಸರಿನ ಮೇಲಿತ್ತು. ಅದೇ ರಸ್ತೆಯಲ್ಲಿ ಗಟ್ಟಿನೆಲದ ಮೇಲಿದ್ದ ಭಾಗವು ಉಳಿದುಕೊಂಡಿತು!

ಭೂಕಂಪದ ಅಡ್ಡ ತರಂಗಗಳು ಗಟ್ಟಿ ಶಿಲೆಯಲ್ಲಿ ವೇಗವಾಗಿ ಸಾಗುತ್ತವೆ. ಮೆತ್ತನೆಯ ಕೆಸರಿನಲ್ಲಿ ಅವುಗಳ ವೇಗವು ಸೆಕೆಂಡಿಗೆ ನೂರು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ತರಂಗವು ಹೊತ್ತು ತರುವ ಶಕ್ತಿಯು ಮಾಧ್ಯಮದ ಸಾಂದ್ರತೆ, ತರಂಗದ ವೇಗ, ಕಂಪನವಿಸ್ತಾರದ ವರ್ಗ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆ. ವೇಗ ತಗ್ಗಿದಾಗ ಶಕ್ತಿಯು ಅಷ್ಟೇ ಉಳಿಯಬೇಕಾದರೆ ಕಂಪನವಿಸ್ತಾರವು ಹಿಗ್ಗಲೇಬೇಕು. ಸಾಂದ್ರತೆಯ ವ್ಯತ್ಯಾಸವನ್ನೂ ತರಂಗದ ಪ್ರತಿಫಲನವನ್ನೂ ಸದ್ಯಕ್ಕೆ ಬದಿಗಿಟ್ಟರೆ, ವೇಗವು ಒಂಬತ್ತರಲ್ಲೊಂದು ಪಾಲಾದಾಗ ನೆಲದ ತೂಗಾಟವು ಮೂರು ಪಟ್ಟಾಗುತ್ತದೆ. ತಟ್ಟೆಯಲ್ಲಿ ಗಿಣ್ಣನ್ನಿಟ್ಟು ತಟ್ಟೆಯನ್ನು ಮೆಲ್ಲನೆ ಅಲುಗಿಸಿ ನೋಡಿರಿ. ತಟ್ಟೆಗಿಂತ ಗಿಣ್ಣಿನ ಮೇಲ್ಮೈಯೇ ಹೆಚ್ಚು ಕುಲುಕುತ್ತದೆ.

ಎರಡನೆಯದು ಅನುನಾದ. ಒಂದು ತುದಿ ಮುಚ್ಚಿದ ಗಾಳಿಯ ಕೊಳವೆಯನ್ನು ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ನೋಡಿದ್ದೇವೆ. ಅದರ ಉದ್ದವು ತರಂಗದೂರದ ಕಾಲುಭಾಗವಾದಾಗ ಧ್ವನಿ ಮೊಳಗುತ್ತದೆ. ಕೆಸರಿನ ಪದರವೂ ಹಾಗೆಯೇ: ತಳವು ಶಿಲೆಗೆ ಅಂಟಿದೆ, ಮೇಲ್ಮೈ ಸ್ವತಂತ್ರವಾಗಿದೆ. ಪದರದ ದಪ್ಪವನ್ನು ನಾಲ್ಕರಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಅದರ ಸಹಜ ಆವರ್ತಕಾಲವು ದೊರೆಯುತ್ತದೆ. ದಪ್ಪ 25 ಮೀಟರು, ವೇಗ ಸೆಕೆಂಡಿಗೆ 100 ಮೀಟರು ಆದರೆ ಈ ಕಾಲವು ಒಂದು ಸೆಕೆಂಡು. ಆ ಕಾಲದ ತರಂಗಗಳು ಬಂದಾಗ ಪದರವು ಉಯ್ಯಾಲೆಯಂತೆ ಜೀಕುತ್ತದೆ. ಮೇಲಿನ ಕಟ್ಟಡದ ಆವರ್ತಕಾಲವೂ ಅದಕ್ಕೆ ಸಮೀಪವಾಗಿದ್ದರೆ ಅಪಾಯವು ಇಮ್ಮಡಿಸುತ್ತದೆ. 1957ರಲ್ಲಿ ತೆರೆದ ಸೈಪ್ರೆಸ್ ರಸ್ತೆಯ ಕಂಬಗಳ ಕೂಡುಗಳಲ್ಲಿ ಉಕ್ಕಿನ ಸಲಾಕೆಗಳ ಬಂಧವೂ ಸಾಲದಾಗಿತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಮರೀನ ಬಡಾವಣೆಯಲ್ಲಿ ಇನ್ನೊಂದು ವಿದ್ಯಮಾನವು ಕಂಡುಬಂದಿತು. 1915ರ ಮಹಾಪ್ರದರ್ಶನಕ್ಕಾಗಿ ಅಲ್ಲಿ ನೀರಿದ್ದ ಜಾಗವನ್ನು ಮರಳಿನಿಂದ ತುಂಬಿದ್ದರು. ಸೇರಿಗೆ ಅಕ್ಕಿಯನ್ನು ಸುರಿದು ಕುಲುಕಿದರೆ ಕಾಳುಗಳು ಒತ್ತಾಗಿ ಮಟ್ಟವು ತಗ್ಗುವುದಷ್ಟೆ. ನೀರು ತುಂಬಿದ ಮರಳಿನ ಕಣಗಳೂ ನಡುಕದಲ್ಲಿ ಹಾಗೆಯೇ ಒತ್ತಾಗಲು ಹವಣಿಸುತ್ತವೆ. ನಡುವಿನ ನೀರಿಗೆ ಹೊರಬೀಳಲು ಸಮಯವಿಲ್ಲದೆ ಮೇಲಿನ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ, ಕಣಗಳ ಪರಸ್ಪರ ಹಿಡಿತ ಸಡಿಲುತ್ತದೆ, ನೆಲವು ದ್ರವದಂತಾಗುತ್ತದೆ. ಅಲ್ಲಿ ಕೆಲವು ಮನೆಗಳು ಕುಸಿದುವು, ಅನೇಕವು ವಾಲಿದುವು.

ಹತ್ತು ದಿನಗಳ ನಂತರ, ಅಕ್ಟೋಬರ್ 27ರಂದು, ಆಟವು ಅದೇ ಕ್ರೀಡಾಂಗಣದಲ್ಲಿ ಮುಂದುವರಿಯಿತು. ಓಕ್‌ಲೆಂಡ್ ಉಳಿದೆರಡು ಪಂದ್ಯಗಳನ್ನೂ ಗೆದ್ದು ನಾಲ್ಕಕ್ಕೆ ಸೊನ್ನೆಯಿಂದ ಜಯಶಾಲಿಯಾಯಿತು. ಆ ಕ್ರೀಡಾಂಗಣವನ್ನು 2015ರಲ್ಲಿ ಕೆಡವಿದರು. ಅಥ್ಲೆಟಿಕ್ಸ್ ತಂಡವು 2024ರ ಋತುವಿನ ಬಳಿಕ ಓಕ್‌ಲೆಂಡನ್ನು ತೊರೆಯಿತು. ಕೊಲ್ಲಿಯ ಕೆಸರಾದರೋ ಅಲ್ಲಿಯೇ ಇದೆ. ಭೂಕಂಪವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕಟ್ಟುವ ಮೊದಲು ಬುಡದ ನೆಲವನ್ನು ಅಳೆದು, ಅದರ ಆವರ್ತಕಾಲವನ್ನು ಅರಿತು, ಅದಕ್ಕೆ ತಕ್ಕಂತೆ ಕಟ್ಟುವುದು ನಮ್ಮ ಕೈಯಲ್ಲಿದೆ. ಸೈಪ್ರೆಸ್ ರಸ್ತೆಯಲ್ಲಿ ಮಡಿದ 42 ಜನರನ್ನು ನೆನೆದಾಗ, ಪ್ರಯೋಗಶಾಲೆಯ ಆ ಸಣ್ಣ ಗಾಳಿಯ ಕೊಳವೆಯ ಪಾಠವು ಪರೀಕ್ಷೆಗಷ್ಟೇ ಮೀಸಲಾದುದಲ್ಲವೆಂದು ನಮಗೆ ಮನವರಿಕೆಯಾಗುತ್ತದೆ.